ಇಪ್ಪತ್ತು ಎಣಿಸುವಷ್ಟು ಹೊತ್ತು

ನಾಲ್ಕು ಸೀಸೆ. ಕಂದು ಗಾಜು. ಹೆಬ್ಬೆರಳಿಗಿಂತ ಗಿಡ್ಡ.
ಗುಲಾಬಿ, ಲವಂಗ, ನೀಲಗಿರಿ, ನಿಂಬೆ.
ರೆಜ್ಜೊದ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದು:
ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ,
ಒಂದೊಂದನ್ನೂ ಇಪ್ಪತ್ತು ಎಣಿಸುವಷ್ಟು ಹೊತ್ತು
ಮೂಗಿನ ಹತ್ತಿರ ಹಿಡಿಯಬೇಕು.
ಬರೀ ಮೂಸಿದರೆ ಸಾಲದಂತೆ,
ನೆನೆಯಬೇಕಂತೆ.

ಮೂಸುವ ಕೆಲಸ ಸಾವೇರಿಯಾಳದು.
ಎಣಿಸುವುದು ನಾನು.

ಜ್ವರ ಇದ್ದದ್ದು ಒಂಬತ್ತೇ ದಿನ.
ಹೋಗುವಾಗ ಅದು ಬರಿಗೈಯಲ್ಲಿ ಹೋಗಲಿಲ್ಲ.
ಅವತ್ತಿನಿಂದ ಹಾಲು ಉಕ್ಕಿ ಸೀದರೂ ಇವಳಿಗೆ ಗೊತ್ತಾಗದು.
ನಾನಿಲ್ಲದಾಗ ಗ್ಯಾಸು ಸೋರಿ, ಬಾಗಿಲು ಬಡಿದದ್ದು
ಮೇಲಿನ ಮನೆಯ ಅಗಾತಾ.
ಮೀನು ಕೆಟ್ಟಿದೆಯೋ ಎಂದು ನನ್ನ ಮುಖ ನೋಡುತ್ತಾಳೆ.
ತನ್ನ ಕಂಕುಳು ತೋರಿಸಿ, ಹೇಗಿದ್ದೀನಿ ಹೇಳು, ಅನ್ನುತ್ತಾಳೆ.
ನಲವತ್ತಾರು ವರ್ಷದ ಸಂಸಾರದಲ್ಲಿ
ಇದೊಂದು ಬಾಕಿ ಇತ್ತು.

'ಗುಲಾಬಿ,' ಅನ್ನುತ್ತೇನೆ. ಒಂದು, ಎರಡು, ಮೂರು...
'ನೀರು.'
'ಲವಂಗ.'
'ನೀರು.'
'ನೀಲಗಿರಿ.'
'ತಣ್ಣಗಿದೆ. ತಣ್ಣನೆಯ ನೀರು.'
ನಿಂಬೆಯ ಹೊತ್ತಿಗೆ ಕಿಟಕಿಯಾಚೆ ಸಮುದ್ರ ನೋಡುತ್ತಾಳೆ.
ಅದಕ್ಕೂ ವಾಸನೆಯಿಲ್ಲ.

ನಾನು ಯಾರೆಂದು ಹೇಳಲಿಲ್ಲ ಅಲ್ಲವೆ?
ನುಂತ್ಸಿಯೊ, ಬೆರ್ಗಮೊಟ್ಟಿನವನು.
ಕಲಾಬ್ರಿಯಾದ ಈ ತುದಿಯ ಹಣ್ಣು ಅದು, ನಿಂಬೆಯ ದಾಯಾದಿ.
ತಿಂದರೆ ಕಹಿ, ಬೆಲೆಯೆಲ್ಲ ಸಿಪ್ಪೆಗೆ.
ಹುಡುಗನಾಗಿದ್ದಾಗ ಅಪ್ಪನ ಪಕ್ಕ ಕೂತು
ಸಿಪ್ಪೆಯನ್ನು ಸ್ಪಂಜಿಗೊತ್ತಿ, ಮಣಿಕಟ್ಟು ತಿರುವಿ,
ಹಿಂಡಿ, ಮಣ್ಣಿನ ಕುಡಿಕೆಗೆ ಹಸಿರೆಣ್ಣೆ ಇಳಿಸಿದವನು.
ಆಮೇಲೆ ಯಂತ್ರ ಬಂತು. ಯಂತ್ರದ ಪಕ್ಕ ನಿಂತೆ.

ಮದುವೆಯಾದ ಮೊದಲ ಚಳಿಗಾಲ
ಹಾಸಿಗೆ ನಡುವೆ ದಿಂಬಿನ ಗೋಡೆ ಕಟ್ಟಿ ಮೂಗು ಮುರಿದಿದ್ದಳು:
'ನಾನು ಕಟ್ಟಿಕೊಂಡದ್ದು ಗಂಡನನ್ನೋ, ಹಣ್ಣಿನ ಬುಟ್ಟಿಯನ್ನೋ?'
ನಾನು ಊರಲ್ಲಿಲ್ಲದ ರಾತ್ರಿ ಮಾತ್ರ
ನನ್ನ ಕೆಲಸದ ಅಂಗಿ ಹೊದ್ದು ಮಲಗಿದ್ದಳಂತೆ.
ಅಮ್ಮ ಹೇಳಿದ್ದು. ಇವಳು ಇಂದಿಗೂ ಒಪ್ಪಿಲ್ಲ.

ನೆಲ ಒರೆಸುವ ನೀರಿಗೆ ಮೂರು ಹನಿ,
ಬಟ್ಟೆ ಕಪಾಟಿನ ಹತ್ತಿಯುಂಡೆಗೆ ಒಂದು.
ಈ ಮನೆ ನಡೆದದ್ದೇ ಆ ಲೆಕ್ಕದಲ್ಲಿ.
ಈಗ ಮೂರು ಹನಿಯ ಜಾಗಕ್ಕೆ ಮುಕ್ಕಾಲು ಸೀಸೆ ಸುರಿಯುತ್ತಾಳೆ,
ಸಾಕೋ ಸಾಲದೋ ತಿಳಿಯದೆ.
ಅಂಚೆಯವನು ಬಾಗಿಲಲ್ಲೇ ಸೀನುತ್ತಾನೆ.

ಐದನೆಯ ತಿಂಗಳು ಒಂದು ಮೋಸ ಮಾಡಿದೆ.
ನಿಂಬೆಯದನ್ನು ಚೆಲ್ಲಿ ನನ್ನ ಹಣ್ಣಿನೆಣ್ಣೆ ತುಂಬಿದೆ.
ಸೀಸೆ ಅದೇ, ಚೀಟಿ ಅದೇ.
ಮೂಗಿಗೆ ತುಪ್ಪ ಸವರುವುದೆಂದರೆ ಇದೇ ಇರಬೇಕು.
ತುಪ್ಪದ್ದಾದರೂ ವಾಸನೆ ಗೊತ್ತಾಗಬೇಕಲ್ಲ!
ಬೆರಳಿಗೆ ಮೆತ್ತಿದ್ದನ್ನು ತೊಳೆಯಲಿಲ್ಲ.

ಏನೂ ಆಗಲಿಲ್ಲ. ಮರುದಿನವೂ. ಆ ವಾರವೂ.

ಒಂದು ಸಂಜೆ, ಅಗಾತಾ ಮೇಲೆ ಕುರ್ಚಿ ಎಳೆಯುತ್ತಿದ್ದಳು,
ಹದಿನಾರು ಅಂದೆ, ಹದಿನೇಳು ಅಂದೆ,
ಇವಳ ಹೊಳ್ಳೆ ಅದುರಿತು.
'ಥೂ! ಏನಿದು? ಟೈರು ಸುಟ್ಟೆಯಾ?
ಕಮಟು, ಬರೀ ಕಮಟು. ಆಚೆ ಎಸೆ ಇದನ್ನ.'
ಆಮೇಲೆ ನನ್ನ ಕಡೆ ತಿರುಗಿ:
'ನೀನೂ ಅದೇ ನಾತ. ದೂರ ಕೂರು.'

ಡಾಕ್ಟರು ಹೇಳಿದ್ದರು, ಹೀಗೂ ಆಗುತ್ತದೆ ಎಂದು.
ಮರಳುವ ಕಂಪು ಮೊದಮೊದಲು
ಗುರುತು ಸಿಗದ ಹಾಗೆ ಬರಬಹುದು,
ದಾರಿಯ ಮಸಿಯೆಲ್ಲ ಮೈಗೆ ಬಳಿದುಕೊಂಡು.

ದೂರ ಕೂತೆ. ಬಾಗಿಲ ತನಕ ಸರಿದು ಕೂತೆ.
ಹಳೆಯ ದಿಂಬಿನ ಗೋಡೆ ಮತ್ತೆ ಎದ್ದಿತ್ತು ನಡುವೆ.
ಐದು ತಿಂಗಳು ನಾನು ಈ ಮನೆಯಲ್ಲಿ
ಗಾಳಿಯ ಹಾಗೆ ಓಡಾಡಿದ್ದೆ,
ಅಡ್ಡ ಬರದೆ, ಯಾರಿಗೂ ಬೇಡವಾಗದೆ.

'ಮುಗೀತಾ?' ಅಂದಳು, ಮೂಗು ಹಿಡಿದುಕೊಂಡೇ.
'ಇನ್ನೂ ಮೂರಿದೆ.'
ನನ್ನ ದನಿ ಯಾಕೆ ಹಾಗಾಯಿತೆಂದು ನೋಡಿದಳು.
ಬೈದುಕೊಳ್ಳುತ್ತಲೇ ಬೆರಳು ಸಡಿಲಿಸಿದಳು.

ಹದಿನೆಂಟು.